ಗಂಡಸಿಗೆ ಕಟ್ಟಿದ ಅಂಟಿನುಂಡಿ

ಅಂಟಿನುಂಡಿ ಬಾಣಂತಿಯ ತಿನಿಸು. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತವಳ ಸೊಂಟ ಗಟ್ಟಿಯಾಗಲಿ, ಎದೆಯಲ್ಲಿ ಹಾಲು ಇಳಿಯಲಿ ಎಂದು ಗಿಡದ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಬೆರೆಸಿ ಕಟ್ಟುತ್ತಾರೆ. ಮನೆಯ ಗಂಡಸರು, ಮಕ್ಕಳು ಆಸೆಗೆ ಒಂದೊಂದು ಎತ್ತಿಕೊಂಡಾರು. ಆದರೆ ಡಬ್ಬಿ ಬಾಣಂತಿಯದೇ. ಪುಣೆಯ ನಮ್ಮ ಮನೆಯಲ್ಲಿ ಮಾತ್ರ ಒಂದು ಚಳಿಗಾಲವಿಡೀ ಆ ಡಬ್ಬಿ ನನ್ನ ಗಂಡನದಾಗಿತ್ತು. ಮುಂಜಾನೆ ಒಂದು, ಸಂಜೆ ಹಾಲಿನ ಜೊತೆ ಇನ್ನೊಂದು. ಅವರು ಕಟುಮ್ ಕಟುಮ್ ಎಂದು ಅಗಿಯುವ ಸದ್ದು ಕೇಳುತ್ತ ನಾನು ಆಫೀಸಿನ ಬುತ್ತಿ ಕಟ್ಟಿಕೊಳ್ಳುತ್ತಿದ್ದೆ.

ಆ ಅಂಟು ನನಗಾಗಿ ತಂದದ್ದು. ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ವಿಜಯಪುರದ ತಮ್ಮ ಗುರುತಿನ ಅಂಗಡಿಯಿಂದ ಒಳ್ಳೆಯ ಅಂಟು ತರಿಸಿ, ಸ್ಟೀಲಿನ ಡಬ್ಬಿಗೆ ತುಂಬಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದರು. ಪ್ರತಿ ವರ್ಷ ದೀಪಾವಳಿಗೆ ಮನೆ ಒರೆಸುವಾಗ ಡಬ್ಬಿ ಕೆಳಗಿಳಿಯುತ್ತಿತ್ತು. ಅತ್ತೆ ಅಂಟಿನ ಹರಳುಗಳನ್ನು ಪೇಪರಿನ ಮೇಲೆ ಹರವಿ ಬಿಸಿಲಿಗಿಟ್ಟು, ಮತ್ತೆ ತುಂಬಿ, ಮತ್ತೆ ಮೇಲಿಡುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಹರಳುಗಳು ಬಾಲ್ಕನಿಯಲ್ಲಿ ಹೊಳೆಯುವಾಗ ನಾನು ಆ ಕಡೆ ಬಟ್ಟೆ ಒಣಹಾಕಲೂ ಹೋಗುತ್ತಿರಲಿಲ್ಲ.

ಮಕ್ಕಳಾಗದ ವಿಷಯದಲ್ಲಿ ಎಲ್ಲರ ಮನೆಯಲ್ಲೂ ಆಗುವಂತೆ ಮೊದಲು ಪರೀಕ್ಷೆಗೆ ಮಲಗಿದವಳು ನಾನೇ. ರಕ್ತ ಕೊಟ್ಟೆ, ಸ್ಕ್ಯಾನಿಂಗ್ ಮಾಡಿಸಿಕೊಂಡೆ, ಗರ್ಭಕೋಶಕ್ಕೆ ಬಣ್ಣದ ನೀರು ಬಿಟ್ಟು ತೆಗೆಯುವ ಎಕ್ಸ್‌ರೇಗೂ ಹಲ್ಲು ಕಚ್ಚಿ ಮಲಗಿದೆ. ಎಲ್ಲ ಸರಿಯಾಗಿತ್ತು. ಆಮೇಲೂ ವರ್ಷಗಟ್ಟಲೆ ನನ್ನ ಗಂಡ ತಮ್ಮ ಪಾಳಿಯನ್ನು ಮುಂದೂಡುತ್ತಲೇ ಬಂದರು. ಕಬ್ಬಿನ ಹಂಗಾಮು ಅದ, ಕಂಪನಿ ಟಾರ್ಗೆಟ್ ಅದ, ಮುಂದಿನ ತಿಂಗಳು ನೋಡೋಣು. ಅವರ ಕೆಲಸ ಹನಿ ನೀರಾವರಿಯ ಪೈಪು ಮಾರುವುದು. ಹಡಪಸರದ ನಮ್ಮ ಮನೆಯಿಂದ ಬೈಕು ಹತ್ತಿದರೆ ಬಾರಾಮತಿ, ಇಂದಾಪುರ, ಅಲ್ಲಿಂದ ಕಬ್ಬಿನ ಹೊಲಗಳು. ಇಡೀ ದಿನ ಕಾದ ಸೀಟಿನ ಮೇಲೆ, ಬಿಗಿ ಜೀನ್ಸಿನಲ್ಲಿ ಕೂತಿರುತ್ತಿದ್ದರು. ದಾರಿಯಲ್ಲಿ ಇಳಿಯುವುದು ಬೇಡವೆಂದು ನೀರು ಕುಡಿಯುತ್ತಿರಲಿಲ್ಲ. ಬಾಯಲ್ಲಿ ಸದಾ ತಂಬಾಕು.

ಕೊನೆಗೂ ಹೋದ ದಿನ ನಾನು ಲ್ಯಾಬಿನ ಹೊರಗೆ ಅವರ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಒಳಗೆ ಕಳಿಸಿದ್ದರು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ನನ್ನ ಪಕ್ಕ ಕೂತು, ಹೆಬ್ಬೆರಳ ಉಗುರು ತೋರಿಸಿದರು.

"ಇಷ್ಟ ಬಂತು ನೋಡು," ಎಂದರು. "ಭಾಳ ಕಡಿಮಿ. ಮುಂಜಾನಿಂದ ನೀರ್ ಕುಡದಿದ್ದಿಲ್ಲ, ಅದಕ್ಕ ಇರಬೇಕು."

ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು. ಮುಚ್ಚುಮರೆ ಇಲ್ಲದೆ ಹೇಳಿದರು. ವೀರ್ಯದ ಪ್ರಮಾಣ ಕಡಿಮೆಯಿದೆ. ಅದರೊಳಗಿನ ವೀರ್ಯಾಣುಗಳೂ ಕಡಿಮೆ. ಇರುವವುಗಳಲ್ಲಿ ಓಡಾಡುವಂಥವು ಇನ್ನೂ ಕಡಿಮೆ. ಈ ಮೂರೂ ಬೇರೆ ಬೇರೆ ಸಂಗತಿ, ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚಲೇಬೇಕೆಂದಿಲ್ಲ. ತಂಬಾಕನ್ನು ಇವತ್ತೇ ಬಿಡಿ, ನೀರು ಕುಡಿಯಿರಿ, ಸಡಿಲ ಬಟ್ಟೆ ಹಾಕಿ, ದಾರಿಯಲ್ಲಿ ಇಳಿದು ನಿಲ್ಲಿ, ನಿದ್ದೆ ಮಾಡಿ, ಸೊಪ್ಪು, ಹಣ್ಣು, ಕಾಳು ತಿನ್ನಿ. ಯಾವ ಪುಡಿಯನ್ನೂ ನುಂಗಬೇಡಿ. ಹೊಸದು ತಯಾರಾಗಿ ಬರಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ ಎಂದರು.

ನನ್ನ ಕಿವಿಗೆ ಬಿದ್ದದ್ದು ತಂಬಾಕು. ಅವರ ಕಿವಿಗೆ ಬಿದ್ದದ್ದು ಪ್ರಮಾಣ. ಅದೊಂದೇ ಅಲ್ಲವೇ ಕಣ್ಣಿಗೆ ಕಾಣುವುದು!

ಮರುದಿನದಿಂದ ನಮ್ಮ ಮನೆ ಕಿರಾಣಿ ಅಂಗಡಿಯಾಯಿತು. ಮೊಬೈಲಿನಲ್ಲಿ ಯಾರೋ ಹೇಳಿದ್ದೆಲ್ಲ ಚೀಲದಲ್ಲಿ ಬಂತು: ಕುಂಬಳದ ಬೀಜ, ಬದಾಮಿ, ಖರ್ಜೂರ, ದಾಳಿಂಬೆ. ಮುಂಜಾನೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ಉಳ್ಳಾಗಡ್ಡಿ, ಸಂಜೆ ಉದ್ದಿನ ಗಂಜಿ. ಅಪ್ಪನ ಧೋತರ ನೋಡಿ ನಗುತ್ತಿದ್ದ ಮನುಷ್ಯ ಮನೆಗೆ ಬಂದೊಡನೆ ಧೋತರ ಉಟ್ಟು ಫ್ಯಾನಿನ ಕೆಳಗೆ ಕೂಡತೊಡಗಿದರು. ಬೈಕಿಗೆ ದೊಡ್ಡ ನೀರಿನ ಬಾಟಲಿ ತೂಗಿತು. ತಂಬಾಕಿನ ಪೊಟ್ಟಣ ಮಾತ್ರ ಜೇಬು ಬಿಟ್ಟು ಕದಲಲಿಲ್ಲ.

"ಇದೊಂದ್ ಬಿಡ್ರಿ, ಉಳದದ್ದ ಏನೂ ತಿನಬ್ಯಾಡ್ರಿ," ಎಂದೆ.

"ತಂಬಾಕೂ ಎಲಿನ ಅಲ್ಲೇನ?" ಎಂದರು. "ಅದೇನ್ ಫ್ಯಾಕ್ಟರಿಯೊಳಗ ಹುಟ್ಟತದ?"

ಇದರ ಮೇಲೆ ಇಂದಾಪುರದ ಕಡೆಯ ಒಬ್ಬ ಹಳೆಯ ಪೈಲ್ವಾನರು ಸೇರಿಕೊಂಡರು. ನನ್ನ ಗಂಡನ ಹತ್ತಿರ ಪೈಪು ಕೊಂಡವರಂತೆ. ತಾಲೀಮಿನಲ್ಲಿ ಬೆಳೆದ ಆ ಮುದುಕರು ಹೇಳಿದ್ದು ಒಂದೇ ಮಾತು: ಕೂಡಿಡು, ಖರ್ಚು ಮಾಡಬೇಡ. ನನ್ನ ಗಂಡ ಅವತ್ತೇ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದರು. ಮತ್ತೆ ಪರೀಕ್ಷೆಯಾಗುವವರೆಗೆ ನನ್ನ ಹತ್ತಿರ ಬರುವುದಿಲ್ಲವೆಂದು ಪಣ ತೊಟ್ಟರು. ಮಗು ಬೇಕೆಂದು ಹೆಂಡತಿಯಿಂದ ದೂರ ಮಲಗುವ ಗಂಡಸನ್ನು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಟೀವಿಯ ಮುಂದೆ ಕಾಲು ಚಾಚಿ, ಮುಖದ ಮೇಲೆ ಭಕ್ತಿ ತುಂಬಿಕೊಂಡು ಮಲಗಿರುತ್ತಿದ್ದರು.

ಅತ್ತೆಗೆ ಅವರು ಹೇಳಿದ್ದು ಇಷ್ಟೇ: ಡಾಕ್ಟರು ಪೌಷ್ಟಿಕ ತಿನ್ನು ಅಂದಾರ, ಸ್ವಲ್ಪ ಅಶಕ್ತಿ ಅದ. ಅತ್ತೆ ಶಾಲೆ ಕಂಡವರಲ್ಲ, ಆದರೆ ಮಗನ ಮುಖ ಓದಲು ಶಾಲೆ ಬೇಕಿರಲಿಲ್ಲ. ಮರುದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಂಟಿನ ಡಬ್ಬಿ ಅಡುಗೆ ಕಟ್ಟೆಯ ಮೇಲೆ ಇಳಿದು ಕೂತಿತ್ತು, ಬಾಣಲೆಯಲ್ಲಿ ತುಪ್ಪ ಕಾದಿತ್ತು. ಇಷ್ಟು ವರ್ಷ ನನ್ನ ಬಾಣಂತನಕ್ಕೆಂದು ಬಿಸಿಲು ಕಾಯಿಸಿದ ಹರಳುಗಳು ಅದರಲ್ಲಿ ಒಂದೊಂದಾಗಿ ಅರಳಿ ಬೆಳ್ಳಗಾಗುತ್ತಿದ್ದವು.

"ಸೊಂಟಕ್ಕ ಒಳ್ಳೇದವ್ವಾ," ಎಂದರು ಅತ್ತೆ, ನನ್ನತ್ತ ತಿರುಗದೆ. "ಗಂಡಸರಿಗೂ ಸೊಂಟ ಇರತದ."

ನನಗೆ ಸಿಟ್ಟು ಬಂತು. ಅಳುವೂ ಬಂತು. ಬುತ್ತಿ ಎತ್ತಿಕೊಂಡು ವಿಮಾನ ನಗರದ ಆಫೀಸಿಗೆ ಹೋದೆ, ಇಡೀ ದಿನ ಬೇರೆಯವರ ಪಗಾರಿನ ಲೆಕ್ಕ ಮಾಡಿದೆ. ಸಂಜೆ ಬಂದಾಗ, ನಾವು ಕಾಕು ಎಂದು ಕರೆಯುವ ಎದುರು ಮನೆಯಾಕೆ ಜಿನೆಯ ಮೆಟ್ಟಿಲ ಹತ್ತಿರವೇ ಕಾದಿದ್ದರು. ನನ್ನ ಕೈಯಿಂದ ತರಕಾರಿಯ ಚೀಲ ಕಸಿದುಕೊಂಡರು. ಗಲ್ಲ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮರಾಠಿಯಲ್ಲಿ, "ಗೋಡ ಬಾತಮೀ ಆಮಚ್ಯಾಪಾಸೂನ ಲಪವತೇಸ ಹೋಯ?" ಎಂದರು. ಸಿಹಿ ಸುದ್ದಿಯನ್ನು ನಮ್ಮಿಂದ ಮುಚ್ಚಿಡುತ್ತೀಯಾ ಎಂದು. ಪುಣೆಯಲ್ಲಿ ಸಿಹಿ ಸುದ್ದಿ ಎಂದರೆ ಬಸಿರು, ಬೇರೇನೂ ಅಲ್ಲ.

ತುಪ್ಪದಲ್ಲಿ ಅಂಟು ಅರಳುವ ವಾಸನೆ ಇಡೀ ಮಹಡಿಗೆ ಹಬ್ಬಿತ್ತು. ಕಾಕು ಬಂದು ಬಾಗಿಲು ಬಡಿದಿದ್ದರು. ಸೊಸೆಗೆ ಏನಾದರೂ ವಿಶೇಷವೇ ಎಂದು ಕೇಳಿದ್ದಕ್ಕೆ ಅತ್ತೆ ತಮ್ಮ ಅರೆಬರೆ ಮರಾಠಿಯಲ್ಲಿ "ಹೋ", ಹೌದು, ಎಂದುಬಿಟ್ಟಿದ್ದರು.

ನಾನು ಚಪ್ಪಲಿ ಬಿಡದೆ ಒಳಗೆ ನುಗ್ಗಿದೆ. "ಅತ್ತಿ, ಏನ್ ಹೇಳೀರಿ ಅವರಿಗೆ?"

"ಮತ್ತೇನ್ ಹೇಳ್ಲಿ?" ಎಂದರು ಅತ್ತೆ. ಉಂಡಿ ಕಟ್ಟಿದ ಕೈ ಇನ್ನೂ ಜಿಡ್ಡಾಗಿತ್ತು. "ನನ್ನ ಮಗಾ ತಿಂತಾನ ಅನ್ಲೇನು? ನಾಳಿ ಅಂವ ಜಿನಿ ಇಳದು ಹ್ಯಾಂಗ ಓಡಾಡಬೇಕು?"

"ಮತ್ತ ನಾ ಹ್ಯಾಂಗ ಓಡಾಡ್ಲಿ?"

"ಇನ್ನೊಂದೆರಡು ತಿಂಗಳದಾಗ ಖರೇನ ಆಗತದ ಬಿಡು. ಯಾರ್ ದಿನಾ ಎಣಸ್ತಾರ?"

ನನ್ನ ಗಂಡ ಪಡಸಾಲೆಯಲ್ಲಿ ಕೂತು ಕ್ರಿಕೆಟ್ ನೋಡುತ್ತಿದ್ದರು. ಟೀವಿಯ ಸದ್ದು ಒಂಚೂರು ಹೆಚ್ಚಿಸಿದರು.

ಯಾರು ದಿನ ಎಣಿಸುತ್ತಾರೆ ಎಂದರಲ್ಲ, ಇಡೀ ಕಟ್ಟಡ ಎಣಿಸಿತು. ಮೇಲಿನ ಮನೆಯವರು ನನಗೆ ಲಿಫ್ಟು ಹಿಡಿದು ನಿಂತರು. ಕಾಕು ಒಂದು ಸಲ ನನ್ನ ಚೀಲದಲ್ಲಿ ಪಪ್ಪಾಯಿ ಕಂಡು ಹಾವು ಕಂಡವರ ಹಾಗೆ ಕಿರುಚಿ, ಅದನ್ನು ತಾವೇ ಒಯ್ದರು. ಸಂಜೆ ಬಟ್ಟಲಲ್ಲಿ ಹುಣಸೆಹಣ್ಣು, ಮಾವಿನಕಾಯಿಯ ಉಪ್ಪಿನಕಾಯಿ ಬರತೊಡಗಿತು. ಇಲ್ಲ, ಹಾಗೇನಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಉಂಡಿ ಯಾರಿಗೆ ಎಂಬ ಪ್ರಶ್ನೆ ಬರುತ್ತಿತ್ತು. ಆದರೆ ಅದೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ಎಷ್ಟೋ ವರ್ಷಗಳಿಂದ ಅರಿಶಿನ ಕುಂಕುಮಕ್ಕೆ ಕರೆದಲ್ಲೆಲ್ಲ ನನ್ನನ್ನು ನೋಡಿ ತಟ್ಟನೆ ಮಾತು ಬದಲಿಸುತ್ತಿದ್ದ ಹೆಂಗಸರು ಈಗ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದರು. ನನಗೆ ಅದು ಹಿತವಾಗಿತ್ತು. ಆ ಹುಳಿ ಉಪ್ಪಿನಕಾಯಿಯನ್ನು ನಾನು ಚಪ್ಪರಿಸಿಯೇ ತಿಂದೆ.

ಅತ್ತೆಯ ಲೆಕ್ಕ ಸರಳವಾಗಿತ್ತು. ಉಂಡಿ ಕೆಲಸ ಮಾಡುತ್ತದೆ, ಸೊಸೆ ಬಸಿರಾಗುತ್ತಾಳೆ, ಆಡಿದ ಮಾತು ನಿಜವಾಗುತ್ತದೆ, ಹೆರಿಗೆ ಒಂದಿಷ್ಟು ತಡವಾದರೆ ಡಾಕ್ಟರರ ಲೆಕ್ಕ ತಪ್ಪಿತೆಂದರಾಯಿತು. ನಾನೂ ಅದನ್ನೇ ನಂಬಿಕೊಂಡೆ. ಆದರೆ ಉಂಡಿ ತಿಂದವರು ಪಡಸಾಲೆಯಲ್ಲಿ ಮಲಗಿದ್ದರಲ್ಲ! ದೇವರ ಮುಂದೆ ದೀಪ ಹಚ್ಚುವ ಹೊತ್ತಿನಲ್ಲಿ, ಅತ್ತೆ ಗುಡಿಗೆ ಹೋದಾಗ, ನಾನು ನಾಚಿಕೆ ಬಿಟ್ಟು ಕೇಳಿದೆ.

"ದಿನಾ ಹೊಂಟಾವು. ನೀವ್ ಒಳಗ ಬರ್ರಿ."

"ಹುಚ್ಚಿದ್ದೀ ಏನ?" ಎಂದರು. "ಇಷ್ಟ್ ದಿನಾ ಕೂಡಿಟ್ಟದ್ದು ದಂಡ ಆಗತದ. ಟೆಸ್ಟ್ ಆಗ್ಲಿ, ಆಮ್ಯಾಲೆ."

"ನಂಗ ಟೆಸ್ಟ್ ಬೇಕಾಗಿಲ್ಲ. ಕೂಸು ಬೇಕಾಗ್ಯದ."

"ನನಗೇನ್ ಬ್ಯಾಡೇನು?" ಎಂದರು. ಹೆಬ್ಬೆರಳ ಉಗುರನ್ನೇ ನೋಡಿಕೊಂಡರು. ಅವರಿಗೂ ಹೆದರಿಕೆ ಇದೆಯೆಂದು ನನಗೆ ಹೊಳೆದದ್ದು ಅವತ್ತು. ಆ ಉಗುರಿನಷ್ಟು ಮತ್ತೆ ಬಂದೀತೆಂಬ ಹೆದರಿಕೆ. ಮಗುವಿನ ಆಸೆಗಿಂತ ಅದು ದೊಡ್ಡದಾಗಿ ಬೆಳೆದಿತ್ತು. ಅಂಥವರನ್ನು ಕೈ ಹಿಡಿದು ಒಳಗೆ ಎಳೆಯುವುದು ಹೇಗೆ? ನಾನು ದೀಪದ ಬತ್ತಿ ಸರಿಮಾಡಿದೆ.

ಅಷ್ಟರಲ್ಲಿ ಕಾಕು ಡೋಹಾಳ ಜೇವಣಕ್ಕೆ ದಿನ ಹುಡುಕತೊಡಗಿದ್ದರು. ನಮ್ಮ ಕಡೆ ಕುಬಸ ಎನ್ನುತ್ತಾರಲ್ಲ, ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಬೇಡಿದ್ದು ಬಡಿಸುವ ಹಬ್ಬ. ಅದೇ. ಹೂವಿನ ಒಡವೆ ತಾವು ಮಾಡಿಸುವುದಾಗಿಯೂ ಅಡುಗೆ ಕೆಳಗಿನ ಮನೆಯವರದೆಂದೂ ಹೇಳಿದರು. ಒಂದು ದಿನ ಹಸಿರು ಬಳೆಯನ್ನೇ ತಂದು ನನ್ನ ಕೈಗೆ ಇಟ್ಟು ಅಳತೆ ನೋಡಿದರು. ನನ್ನ ಹೊಟ್ಟೆ ನೋಡಿ, "ಮೊದಲ ಮಗು ಕಾಣೋದು ತಡ," ಎಂದು ಮರಾಠಿಯಲ್ಲಿ ತಾವೇ ಸಮಾಧಾನ ಮಾಡಿಕೊಂಡರು. ಸುಳ್ಳಿಗೆ ಆಗ ನಿಜವಾದ ಗಡುವು ಬಂತು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಎರಡನೆಯ ಪರೀಕ್ಷೆಯಾಯಿತು. ಡಬ್ಬಿ ಕೊಟ್ಟು ಹೊರಗೆ ಬಂದ ನನ್ನ ಗಂಡ ಮದುವೆಯ ದಿನವೂ ಅಷ್ಟು ಗೆಲುವಾಗಿರಲಿಲ್ಲ. "ಭಾಳ ಬಂತು," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಪೈಲ್ವಾನರು ಖರೇ ಹೇಳಿದ್ರು." ವರದಿ ಬರುವ ಮೊದಲೇ ಪೇಢೆ ಕೊಂಡರು, ಹಿಂಬದಿಯ ಸೀಟಿನಲ್ಲಿ ಆ ಪೆಟ್ಟಿಗೆಯನ್ನು ಹಿಡಿದುಕೊಂಡು ಕೂತವಳು ನಾನೇ. ಮನೆಯಲ್ಲಿ ಅತ್ತೆ ಅದನ್ನು ದೇವರ ಮುಂದಿಟ್ಟು ಕಣ್ಣೊರೆಸಿಕೊಂಡರು.

ವರದಿ ಹಿಡಿದು ಡಾಕ್ಟರ ಮುಂದೆ ಕೂತಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪ್ರಮಾಣ ಹೆಚ್ಚಾಗಿದೆ ಎಂದರು. ನನ್ನ ಗಂಡ ನನ್ನತ್ತ ನೋಡಿ ತಲೆಯಾಡಿಸಿದರು. ಡಾಕ್ಟರು ಮಾತು ನಿಲ್ಲಿಸಿರಲಿಲ್ಲ. ಪ್ರಮಾಣ ಹೆಚ್ಚಾಗಿದೆ, ಆದರೆ ಅದರಲ್ಲಿ ಜೀವ ಇರುವುದು ಮೊದಲಿಗಿಂತಲೂ ಕಡಿಮೆ. ಎಷ್ಟು ದಿನದಿಂದ ದೂರ ಇದ್ದೀರಿ ಎಂದು ಕೇಳಿದರು. ಹೇಳಿದೆವು. ಅವರು ಹಣೆ ಹಿಡಿದುಕೊಂಡರು. ಪರೀಕ್ಷೆಗೆ ಮೊದಲು ನಾಲ್ಕು ದಿನ ದೂರವಿದ್ದರೆ ಸಾಕಾಗಿತ್ತು, ತಿಂಗಳುಗಟ್ಟಲೆ ಹೀಗೆ ಕೂತರೆ ಹಳೆಯವು ಒಳಗೇ ಸಾಯುತ್ತವೆ, ನೋಡಲಿಕ್ಕೆ ಮಾತ್ರ ಹೆಚ್ಚು ಕಾಣುತ್ತದೆ ಎಂದರು. ಆಮೇಲೆ ನನ್ನ ಗಂಡನ ತುಟಿಯ ಕಡೆ ನೋಡಿ, "ತಂಬಾಕು?" ಎಂದರು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿದರು.

ಇಡೀ ಚಳಿಗಾಲ ಹೋಗಿತ್ತು. ಪಾರ್ಕಿಂಗಿನಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡು, ಬೈಕು ಶುರು ಮಾಡದೆ, ಹಾಗೆಯೇ ಕೂತರು. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದರು. ನಾನು ಬೆನ್ನ ಮೇಲೆ ಕೈ ಇಟ್ಟೆ. ಅಷ್ಟು ದಿನಗಳಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಅವರು ಹಾಸಿಗೆ ಮತ್ತೆ ಒಳಗೆ ತಂದರು. ಆ ತಿಂಗಳು ನನ್ನ ಮುಟ್ಟಿನ ದಿನ ಮುಂದೆ ಹೋಯಿತು. ನಾನು ಯಾರಿಗೂ ಹೇಳಲಿಲ್ಲ, ಅತ್ತೆ ತಾವೇ ಕಂಡುಕೊಂಡರು. ಬಚ್ಚಲುಮನೆಯ ಬಾಗಿಲ ಹೊರಗೆ ಸುಮ್ಮನೆ ಸುಳಿದಾಡುತ್ತಿದ್ದರು. ಮನೆಯಲ್ಲಿ ಪಾತ್ರೆಗಳನ್ನು ಕೂಡ ಸದ್ದಾಗದಂತೆ ಇಡುತ್ತಿದ್ದರು. ಬಸ್ಸಿನಲ್ಲಿ ಆಫೀಸಿಗೆ ಹೋಗುವಾಗ ಹೊಟ್ಟೆಯ ಮೇಲೆ ಪರ್ಸು ಅಡ್ಡ ಹಿಡಿದು ಕೂಡತೊಡಗಿದೆ. ಹಸಿರು ಬಳೆ ಒಂದು ಸಲ ತೊಟ್ಟು ನೋಡಿ ತೆಗೆದಿಟ್ಟೆ. ಪರೀಕ್ಷೆ ಮಾಡಿಕೊಳ್ಳಲು ಧೈರ್ಯ ಬರಲಿಲ್ಲ. ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಎಂದು ದಬ್ಬುತ್ತಿದ್ದೆ.

ಒಂದು ಭಾನುವಾರ ಮುಂಜಾನೆ ಅದು ಬಂತು. ಅಷ್ಟು ನೋವು ಎಂದೂ ಆಗಿರಲಿಲ್ಲ. ನಾನು ಮೊಣಕಾಲು ಮಡಚಿ ಹಾಸಿಗೆಯ ಮೇಲೆ ಬಿದ್ದಿದ್ದೆ. ಅದೇ ಹೊತ್ತಿಗೆ ಕಾಕು ಸೀರೆಯ ಬಣ್ಣ ತೋರಿಸಲು ಬಂದು ಬಾಗಿಲು ಬಡಿದರು. ಅತ್ತೆ ನನ್ನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಎದ್ದು ಹೋಗಿ, ಬಾಗಿಲನ್ನು ಅರ್ಧ ತೆರೆದು, "ರಾಹಿಲಂ ನಾಹೀ," ಎಂದರು. ಉಳಿಯಲಿಲ್ಲ ಎಂದು.

ಹೊರಗೆ ಕಾಕು ಅಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಕಟ್ಟಡದ ಹೆಂಗಸರೆಲ್ಲ ನನ್ನ ಹಾಸಿಗೆಯ ಸುತ್ತ ಕೂತಿದ್ದರು. ಕೆಳಗಿನ ಮನೆಯ ಅಜ್ಜಿ ನನ್ನ ಅಂಗೈ ತಿಕ್ಕುತ್ತ, ತಮ್ಮದೂ ಒಂದು ಹೀಗೆಯೇ ಹೋಗಿತ್ತು, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ ಎಂದರು. ಆ ಮುದುಕಿ ತನ್ನ ನಿಜವಾದ ದುಃಖವನ್ನು ನನ್ನ ಸುಳ್ಳಿನ ಪಕ್ಕ ತಂದಿಟ್ಟಿದ್ದರು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಆದರೂ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಆ ಕೂಸು ಇರಲಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಅದು ಹೋಯಿತೆಂದೇ ಅಳುತ್ತಿದ್ದೆ.

ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ಬಾಗಿಲ ಚಿಲಕ ಹಾಕಿದರು. ಇನ್ನು ನಾಟಕ ಮುಗಿಯಿತೆಂದುಕೊಂಡೆ. ಅವರು ನೀರು ಕಾಯಿಸಿ ತಂದು ನನ್ನ ಕಾಲು ತೊಳೆದರು. ತಮ್ಮ ಹಳೆಯ ಸೀರೆಯ ತುಂಡು ಹರಿದು, ಬಾಣಂತಿಗೆ ಕಟ್ಟುವ ಹಾಗೆ, ನನ್ನ ಕಿವಿ ಮುಚ್ಚಿ ತಲೆಗೆ ಕಟ್ಟಿದರು. ಕೆಳಗಿಟ್ಟಿದ್ದ ಉಂಡಿಯ ಡಬ್ಬಿಯನ್ನು ತಂದು ಮಗ್ಗುಲಲ್ಲಿಟ್ಟರು. ತಳದಲ್ಲಿ ಇನ್ನೂ ಕೆಲವು ಉಳಿದಿದ್ದವು.

"ತಿನ್ನವ್ವಾ," ಎಂದರು. "ಮೈ ಹಸಿ ಅದ."

"ಅತ್ತಿ, ಅವರೆಲ್ಲಾ ಹೋದ್ರಲ್ಲ. ಇನ್ನ ಯಾಕ ಇದು?"

ಅತ್ತೆ ಒಂದು ಉಂಡಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

ಅಷ್ಟು ಹೊತ್ತು ಬಾಲ್ಕನಿಯಲ್ಲಿ ಅಡಗಿ ನಿಂತಿದ್ದ ನನ್ನ ಗಂಡ ಒಳಗೆ ಬಂದರು. ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಯ ಅಂಚಿನಲ್ಲಿ ಕೂತರು. ಒಂದು ಚಳಿಗಾಲದ ಅಭ್ಯಾಸ, ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಅತ್ತೆ ಆ ಕೈಯ ಮೇಲೆ ಛಟೀರೆಂದು ಹೊಡೆದರು. ಅವರು ಮಗನನ್ನು ಹೊಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಮುಟ್ಟಬ್ಯಾಡ," ಎಂದರು. "ಬಾಣಂತಿದು ಅದು."

ಅವರು ಕೈ ಹಿಂತೆಗೆದುಕೊಂಡರು. ನಾನು ಉಂಡಿ ತಿಂದೆ. ಆ ಚಳಿಗಾಲದಲ್ಲಿ ಕಟ್ಟಿದ ಉಂಡಿಗಳಲ್ಲಿ ನಾನು ತಿಂದ ಮೊದಲನೆಯದು ಅದು. ಚೆನ್ನಾಗಿ ಕಟ್ಟಿದ್ದರು, ಒಳಗಿನ ಅಂಟು ಇನ್ನೂ ಗರಿಗರಿಯಾಗಿತ್ತು. ಮುಂದಿನ ದೀಪಾವಳಿಗೆ ಮನೆ ಒರೆಸಿದಾಗ ಮೇಲಿನ ಕಪಾಟಿನಿಂದ ಅಂಟಿನ ಡಬ್ಬಿ ಖಾಲಿಯಾಗಿ ಇಳಿಯಿತು, ಅತ್ತೆ ಹೊಸ ಅಂಟು ತರಿಸದೆ ಅದಕ್ಕೆ ಸಕ್ಕರೆ ತುಂಬಿ ಕಟ್ಟೆಯ ಮೇಲಿಟ್ಟರು.